ಚಹಾ ಲೋಟ ನಿಲ್ಲದ ದಿನಗಳು

ಮೊದಲು ನೆನಪಾಗುವುದು ಒಂದು ತಂತಿಯ ದನಿ. ದೋಹಾ ಬಂದರಿನ ಹತ್ತಿರ ನಮ್ಮ ರೇಡಿಯೋ ರೂಮಿನ ತಾರಸಿಯ ಮೇಲೆ ಉದ್ದನೆಯ ಏರಿಯಲ್ ಕಂಬವಿತ್ತು. ಅದು ವಾಲದಿರಲೆಂದು ಸುತ್ತ ಸ್ಟೀಲ್ ತಂತಿಗಳನ್ನು ಎಳೆದು ಬಿಗಿದಿದ್ದರು. ಗಾಳಿ ಮೆಲ್ಲಗಿರುವಾಗ ಆ ತಂತಿ ಪಕ್ಕದ ಮನೆಯಲ್ಲಿ ಯಾರೋ ತಂಬೂರಿ ಶ್ರುತಿ ಮಾಡುತ್ತಿರುವ ಹಾಗೆ ‘ಹೂಂ…’ ಎನ್ನುತ್ತಿತ್ತು. ಗಾಳಿ ಏರಿದಂತೆ ಶ್ರುತಿಯೂ ಏರುತ್ತಿತ್ತು. ಚಳಿಗಾಲದ ಶಮಾಲ್, ಅಂದರೆ ವಾಯವ್ಯದಿಂದ ನುಗ್ಗುವ ಬಿರುಗಾಳಿ, ಬಂದಾಗ ಅದು ಸ್ವರವೇ ಅಲ್ಲ, ಹಲ್ಲು ಜುಮ್ಮೆನ್ನಿಸುವ ಒಂದು ಕೂಗು. ಈಗ ಮೈಸೂರಿನ ನನ್ನ ಫ್ಲ್ಯಾಟಿನಲ್ಲಿ ಫ್ರಿಜ್ಜು ಒಮ್ಮೊಮ್ಮೆ ಅದೇ ಮಂದ್ರಸ್ವರ ಹಿಡಿಯುತ್ತದೆ. ಕೈ ತಾನಾಗಿ ಮೈಕಿನ ಕಡೆ ಹೋಗುತ್ತದೆ. ಸಿಗುವುದು ಉಪ್ಪಿನ ಡಬ್ಬ.

ನನ್ನ ಗೆಳತಿಯ ಮೊಮ್ಮಗಳು ನಿಶಾ ಒಂದು ಬಂದರಿನ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ. “ಅಜ್ಜಿ, ಟ್ರೇನಿಂಗ್‌ನಲ್ಲಿ ಎಲ್ಲಾ ಹೇಳಿಕೊಟ್ರು. ಅವರು ಹೇಳದೇ ಇರೋದು ಏನಾದ್ರೂ ಇದ್ರೆ ನೀವು ಬರೆದುಕೊಡಿ,” ಎಂದಳು. ಅವಳಿಗಾಗಿ ಮತ್ತು ಅವಳ ಹಾಗೆ ಹೆಡ್‌ಫೋನು ಏರಿಸಿಕೊಂಡು ಕೂರಲಿರುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ರಮವಾಗಿ ಬರೆಯುವ ಶಿಸ್ತು ನನಗೆ ಕಾನ್ವೆಂಟಿನಲ್ಲಿ ಬಂದಿತ್ತು, ವಯಸ್ಸಿನ ಜೊತೆ ಹೋಯಿತು. ನೆನಪು ಬಂದಂತೆ ಬರೆಯುತ್ತೇನೆ. Forgive me, dear.

ತೊಂಬತ್ತರ ದಶಕದ ಮೊದಲಲ್ಲಿ ನಾನು ನನ್ನ ಯಜಮಾನರ ಬೆನ್ನಿಗೆ ಕತಾರಿಗೆ ಹೋದೆ. ಅವರು ಅಕೌಂಟ್ಸಿನಲ್ಲಿದ್ದರು. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ಎರಡು ರೂಮಿನ ಮನೆ. ವಿಮಾನ ಇಳಿಯುವಾಗ ಶೋಕೇಸಿನ ಕಪ್ಪುಗಳು ಪರಸ್ಪರ ಮಾತಾಡುತ್ತಿದ್ದವು. ಬೇಸರ ಕಳೆಯಲು ದೋಹಾದ ಮುಶೈರಿಬ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿಕೊಂಡೆ. ಅದೊಂದು ಸಣ್ಣ ಲಾಂಚ್ ಕಂಪನಿ. ಸಮುದ್ರದ ನಡುವೆ ಕಾಮಗಾರಿ ನಡೆಯುವ ಕಡೆಗೆ ಕೆಲಸಗಾರರನ್ನು, ಕುಡಿಯುವ ನೀರನ್ನು, ಅಕ್ಕಿ ಬೇಳೆಯನ್ನು ಸಾಗಿಸುವುದು ಅದರ ಕೆಲಸ. ಲಾಂಚ್ ನಡೆಸುವ ತಾಂಡೇಲರು ಹೆಚ್ಚಾಗಿ ನಮ್ಮ ಕರಾವಳಿಯವರು. ಮನೆಮಾತು ತುಳು, ನನ್ನ ಜೊತೆ ಮಂಗಳೂರು ಕನ್ನಡ, ಉಳಿದವರೊಂದಿಗೆ ಹಿಂದಿ, ಬೈಯುವುದಕ್ಕೆ ಅರಬ್ಬಿ.

ನಮ್ಮ ಮೇಲಧಿಕಾರಿ ಕ್ಯಾಪ್ಟನ್ ರುಸ್ತುಂ. ಬೊಂಬಾಯಿಯ ಪಾರ್ಸಿ, ಹಡಗಿನಿಂದ ನಿವೃತ್ತರಾದವರು, ಗಂಟಲೇ ಒಂದು ಹಡಗಿನ ಸೈರನ್. ಒಂದು ದಿನ ನಾನು ಫೋನಿನಲ್ಲಿ ಹವಾಮಾನದ ಫ್ಯಾಕ್ಸ್ ಓದಿ ಹೇಳುವುದನ್ನು ಕೇಳಿಸಿಕೊಂಡು, “ಅರೆ ಬಾಬಾ, ಈ ದನಿಯನ್ನು ಟೈಪ್‌ರೈಟರ್ ಮುಂದೆ ಯಾಕೆ ಕೂರಿಸಿದ್ದೀರಿ? ರೇಡಿಯೋಗೆ ಕಳಿಸಿ!” ಎಂದರು. ಅಲ್ಲಿಂದ ನಾನು ‘ಬೇಸ್’ ಆದೆ. ಹೆಸರು ಹೋಯಿತು. ಅಷ್ಟು ವರ್ಷ ಸಮುದ್ರದ ಮೇಲಿನ ಗಂಡಸರೆಲ್ಲ ನನ್ನನ್ನು ಕರೆದದ್ದು “ಬೇಸ್, ಬೇಸ್, ಬೇಸ್” ಎಂದೇ. ಕೆಲವರು “ಬೇಸ್ ಮೇಡಂ” ಎಂದು ಮರ್ಯಾದೆ ಸೇರಿಸುತ್ತಿದ್ದರು.

ನನ್ನ ಮೊದಲ ಎಡವಟ್ಟು ಇಂಗ್ಲಿಷಿನದ್ದೇ. ಮೈಸೂರಿನ ಕಾನ್ವೆಂಟಿನಲ್ಲಿ ಎಲೊಕ್ಯೂಷನ್‌ಗೆ ಬಹುಮಾನ ಪಡೆದವಳು ನಾನು. ಪ್ರತಿ ಬೆಳಿಗ್ಗೆ ನೆಟ್ಟಗೆ ಕೂತು, ಉಸಿರೆಳೆದುಕೊಂಡು, “Sea state moderate, becoming rough, occasionally very rough offshore” ಎಂದು ಒಂದೊಂದು ಅಕ್ಷರವನ್ನೂ ಇಸ್ತ್ರಿ ಮಾಡಿದ ಹಾಗೆ ಓದುತ್ತಿದ್ದೆ. ಒಂದು ದಿನ ಹಾಗೆಯೇ ಓದಿ ಮುಗಿಸಿದೆ. ಆಮೇಲೆ ಬೋಟ್ ಟೂ ತಾಂಡೇಲ ದೂಮಣ್ಣ ನಿಧಾನವಾಗಿ ಕೇಳಿದರು:

“ಬೇಸ್ ಮೇಡಂ, ಭಾರೀ ಚಂದ ಓದಿದಿರಿ. ಪ್ರೈಜ್ ಕೊಡ್ಬೇಕು ನಿಮಗೆ. ಈಗ ಹೇಳಿ, ಹೋಗುದಾ ಬೇಡವಾ?”

ನಾಲ್ಕು ಲಾಂಚುಗಳಿಂದಲೂ ನಗು ಬಂತು. ನನ್ನ ಕಿವಿ ಕೆಂಪಾಯಿತು. ಆದರೆ ಆ ಪ್ರಶ್ನೆಯೇ ಈ ಕೆಲಸದ ಸಾರ ಎಂದು ಅಂದೇ ಹೊಳೆಯಿತು. ಹವಾಮಾನವನ್ನು ಓದುವುದು ಒಂದು, ಹೇಳುವುದು ಇನ್ನೊಂದು. ಮರುದಿನ ಇಂಗ್ಲಿಷ್ ಮುಗಿಸಿ, ನನ್ನದೇ ಒಂದು ಸಾಲು ಸೇರಿಸಿದೆ: “ಇವತ್ತು ಲೋಟ ನಿಲ್ಲುತ್ತೆ.” ಅಂದರೆ ಲಾಂಚಿನ ಹಲಗೆಯ ಮೇಲೆ ಚಹಾ ಲೋಟ ಇಟ್ಟರೆ ಅದು ಇಟ್ಟ ಜಾಗದಲ್ಲೇ ಇರುತ್ತದೆ. ಅಲೆ ಜಾಸ್ತಿಯಿದ್ದ ದಿನ, “ಲೋಟ ಕೈಯಲ್ಲೇ ಹಿಡ್ಕೊಳ್ಳಿ.” ತೀರಾ ಕೆಟ್ಟ ದಿನ, “ಇವತ್ತು ಚಹಾನೇ ಬೇಡ.” ಆ ದಿನ ಲಾಂಚಿನ ಹಗ್ಗ ಬಿಚ್ಚಬಾರದು.

ಕ್ಯಾಪ್ಟನ್‌ಗೆ ಇದು ಹಿಡಿಸಲಿಲ್ಲ. “Madam, this is a radio station, not a tea stall!” ಎಂದು ಗುಡುಗಿದರು. ಒಂದು ತಿಂಗಳ ನಂತರ ಅವರೇ ಬಾಗಿಲಿನಲ್ಲಿ ತಲೆಯಿಟ್ಟು, “So? Tea or no tea?” ಎಂದು ಕೇಳತೊಡಗಿದರು.

ಅವರು ನನಗೆ ಕಲಿಸಿದ್ದು ಬಹಳ. ಒಂದನ್ನು ಮಾತ್ರ ಬರೆಯುತ್ತೇನೆ. ರೇಡಿಯೋದಲ್ಲಿ ಮಾತು ಸ್ಪಷ್ಟವಾಗದಿದ್ದರೆ ‘say again’ ಅನ್ನಬೇಕು. ನಾನು ನಾಚಿಕೆಗೆ ಬಿದ್ದು, ಅರ್ಧ ಕೇಳಿದರೂ ಅರ್ಥವಾಯಿತೆಂಬಂತೆ “Roger, roger” ಎಂದುಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ್ದನ್ನು ಎರಡನೇ ಸಲ ಕೇಳುವುದು ಅವಮಾನ. ಕ್ಯಾಪ್ಟನ್ ಒಮ್ಮೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದ್ದನ್ನು ನಾನು ನೋಡಿದ್ದು ಅಪರೂಪ. “ಬೇಟಿ, ಸಮುದ್ರದಲ್ಲಿ ನಾಚಿಕೆಗೆ ಜಾಗ ಇಲ್ಲ. ಕೇಳು. ಮತ್ತೆ ಕೇಳು. ಅವನು ಬೈದರೂ ಕೇಳು. ಬೈಯುತ್ತಿದ್ದಾನೆ ಅಂದರೆ ಬದುಕಿದ್ದಾನೆ.”

ಕತಾರಿನ ಚಳಿಗಾಲ ಎಂದರೆ ಇಲ್ಲಿ ಜನ ನಗುತ್ತಾರೆ. ಮರಳುಗಾಡಿನಲ್ಲಿ ಎಂಥ ಚಳಿ ಮೇಡಂ ಎನ್ನುತ್ತಾರೆ. ಹಿಮ ಬೀಳುವುದಿಲ್ಲ, ನಿಜ. ಆದರೆ ಶಮಾಲ್ ಬಂದರೆ ಗಾಳಿಗೆ ಹಲ್ಲು ಮೂಡುತ್ತದೆ. ಮಧ್ಯಾಹ್ನವೇ ಊರು ಅರಿಶಿನದ ನೀರಿನಲ್ಲಿ ಅದ್ದಿದ ಹಾಗೆ ಹಳದಿಯಾಗುತ್ತದೆ. ಕಟ್ಟಡಗಳ ಸಾರುವೆಯ ಹಲಗೆಗಳು ಕಾಗದದಂತೆ ಹಾರುತ್ತವೆ. ಕಡಲದಂಡೆಯ ಕೋರ್ನಿಷ್‌ನ ಕಲ್ಲಿನ ಅಂಚಿಗೆ ಅಲೆ ಬಡಿದು ರಸ್ತೆಯ ಮೇಲೆ ಉಪ್ಪಿನ ಮಳೆ. ಒಂದು ಸಲ ನಮ್ಮ ತಾರಸಿಯ ಮೇಲಿನ ಡಿಶ್ ಆಂಟೆನಾ ಎದ್ದು, ಆಲೋಚನೆ ಮಾಡುತ್ತಿರುವ ಹಾಗೆ ಒಂದು ಕ್ಷಣ ಗಾಳಿಯಲ್ಲಿ ನಿಂತು, ಎದುರು ಮನೆಯವರ ತಾರಸಿಗೆ ಹೋಗಿ ಕೂತಿತು. ಸಂಜೆ ಆ ಮನೆಯ ಈಜಿಪ್ಟಿನ ಹೆಂಗಸು ಅದನ್ನು ತಬ್ಬಿಕೊಂಡು ತಂದುಕೊಟ್ಟರು. ಜೊತೆಗೆ ಒಂದು ತಟ್ಟೆ ಖರ್ಜೂರ.

ನೆಲದ ಮೇಲಿನ ಒಂದು ಪಾಠ ನನಗೆ ರಸ್ತೆಯಲ್ಲೇ ಸಿಕ್ಕಿತು. ದೋಹಾದ ದಕ್ಷಿಣಕ್ಕಿರುವ ಅಲ್ ವಕ್ರಾದ ಜೆಟ್ಟಿಗೆ ಏನೋ ಕೆಲಸಕ್ಕೆ ಹೋಗಿ ಮರಳುತ್ತಿದ್ದೆವು. ಕಾರು ಓಡಿಸುತ್ತಿದ್ದವರು ನಮ್ಮ ಯಜಮಾನರು. ಅಲ್ ವುಕೈರ್ ಕಡೆಗೆ ಆಗೆಲ್ಲ ಬರೀ ಬಯಲು. ಈಗ ಅಲ್ಲಿ ಫ್ಲ್ಯಾಟುಗಳಂತೆ. ಮರಳು ಒಮ್ಮೆಗೇ ಎದ್ದಿತು. ಮುಂದಿನ ಬಾನೆಟ್ಟೂ ಕಾಣದು. ಯಜಮಾನರು ಜಾಣತನದಿಂದ ರಸ್ತೆ ಬಿಟ್ಟು ಬದಿಗೆ ಇಳಿಸಿ ನಿಲ್ಲಿಸಿದರು. ಆದರೆ ಲೈಟು ಉರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ನಮ್ಮ ಹಿಂದೆಯೇ ಒಂದು ಟ್ಯಾಕ್ಸಿ ಮರಳಿಗಿಳಿದು ಕಿರ್ರೆಂದು ನಿಂತಿತು. ಡ್ರೈವರ್ ಪಠಾಣ, ತಲೆಗೆ ಮಫ್ಲರ್ ಸುತ್ತಿಕೊಂಡು ಇಳಿದು ಬಂದು ಕಿಟಕಿ ತಟ್ಟಿದ.

“ಬೆಹೆನ್‌ಜೀ, ರಸ್ತಾ ಕಿಧರ್ ಹೈ?”

“ನಮಗೇನು ಗೊತ್ತು ಭಾಯಿ, ನಾವೇ ನಿಂತಿದ್ದೀವಲ್ಲ!”

“ಆಪ್ ಕಾ ಲೈಟ್ ದೇಖ್ ಕೆ ಆಯಾ. ನಾನು ನೀವೇ ರಸ್ತೆ ಅಂದುಕೊಂಡೆ!”

ಅವನು ಹಾಗೆ ಹೇಳಿ ನಕ್ಕ. ನಾವೂ ನಕ್ಕೆವು. ಅವನ ಹಿಂದೆ ಒಂದು ಲಾರಿ ಬಂದಿದ್ದರೆ ಯಾರೂ ನಗುತ್ತಿರಲಿಲ್ಲ. ಮರಳಿನ ಗಾಳಿಯಲ್ಲಿ ರಸ್ತೆಯಿಂದ ದೂರ ಸರಿದು ನಿಂತ ಮೇಲೆ ಲೈಟು ಆರಿಸಬೇಕು, ಬ್ರೇಕಿನಿಂದ ಕಾಲು ತೆಗೆಯಬೇಕು. ಇಲ್ಲದಿದ್ದರೆ ನಮ್ಮ ಕೆಂಪು ದೀಪವನ್ನೇ ದಾರಿ ಎಂದು ನಂಬಿ ಜನ ಬರುತ್ತಾರೆ.

ಇನ್ನೊಂದು ಪಾಠ ಫೋನಿನದು. ಗಾಳಿಯ ದಿನ ಕೆಲಸ ನಿಂತರೆ ಕೆಲಸಗಾರರು ಕ್ಯಾಂಪಿನ ಪೋರ್ಟಾ ಕ್ಯಾಬಿನ್ನಿನೊಳಗೇ ಇರುತ್ತಿದ್ದರು. ಕ್ಯಾಂಪಿನ ಅಡುಗೆಯವ, ಕುಂದಾಪುರದ ಶೀನ, ಅಂಥ ಒಂದು ಮಧ್ಯಾಹ್ನ ನನಗೆ ಫೋನು ಮಾಡಿದ. “ಮೇಡಂ, ರಾತ್ರಿಗೆ ಅಕ್ಕಿ ಬರುದಾ? ಇಲ್ದಿದ್ರೂ ಅಡ್ಡಿಲ್ಲ. ಎಲ್ಲ ಮಲಗಿದ್ದಾರೆ. ನಂಗೂ ಭಾರೀ ನಿದ್ರೆ ಬರ್ತಾ ಉಂಟು. ತಲೆನೋವು ಬೇರೆ.”

ಅವನ ದನಿ ಮೆಲ್ಲಗೆ, ಕನಸಿನೊಳಗಿಂದ ಬಂದ ಹಾಗಿತ್ತು. ನನಗೂ ಆಕಳಿಕೆ ಬಂತು. ಆಕಳಿಸುತ್ತಲೇ ಏನೋ ಅನ್ನಿಸಿ ಕೇಳಿದೆ: “ಶೀನ, ಚಳಿ ಇಲ್ವೇನೋ ಅಲ್ಲಿ?”

“ಇಲ್ಲ ಮೇಡಂ, ಬೆಚ್ಚಗುಂಟು. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹಾಕಿ ಒಳಗೆ ಇಟ್ಟಿದ್ದೇವೆ. ಧೂಳು ಬರ್ತದೆ ಅಂತ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದ್ದೇನೆ.”

“ಬಾಗಿಲು ತೆಗಿ!” ಎಂದು ಕಿರುಚಿದೆ. ಪಕ್ಕದ ರೂಮಿನಿಂದ ಕ್ಯಾಪ್ಟನ್ ಓಡಿಬಂದರು. “ಧೂಳು ಮೇಡಂ…” ಎಂದ ಶೀನ. “ಧೂಳು ತಿನ್ನು ಪರವಾಗಿಲ್ಲ! ಬಾಣಲೆ ಹೊರಗೆ ಎಸಿ, ಎಲ್ಲರನ್ನೂ ಎಳೆದು ಹೊರಗೆ ಹಾಕು, ಯಲ್ಲಾ ಯಲ್ಲಾ!” ಎಲ್ಲರೂ ಎದ್ದರು. ಇಬ್ಬರು ವಾಂತಿ ಮಾಡಿಕೊಂಡರು, ಅಷ್ಟೇ. ಮುಚ್ಚಿದ ಕೋಣೆಯ ಕೆಂಡದಲ್ಲಿ ವಿಷವಿದೆ, ಅದಕ್ಕೆ ವಾಸನೆ ಇಲ್ಲ. ಅದು ಲಾಲಿ ಹಾಡಿನ ಹಾಗೆ ಬರುತ್ತದೆ. ಚಳಿಗಾಲದ ಗಾಳಿಯ ದಿನ ಯಾರಾದರೂ “ಒಳ್ಳೇ ನಿದ್ದೆ ಬರ್ತಿದೆ” ಎಂದರೆ, ನಿಶಾ, ಮೊದಲು ಒಳಗೆ ಏನು ಉರಿಯುತ್ತಿದೆ ಎಂದು ಕೇಳು.

ಈಗ ದೂಮಣ್ಣನವರ ಕಥೆ ಹೇಳಬೇಕು. ಅದನ್ನು ಹೇಳುವುದಕ್ಕೆಂದೇ ಇಷ್ಟು ಸುತ್ತಾಡಿದೆ.

ದೂಮಣ್ಣ ಮಲ್ಪೆ ಕಡೆಯವರು. ಅಗಲ ಮುಖ, ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್. ಬೋಟ್ ಫೋರ್ ನಡೆಸುತ್ತಿದ್ದ ಶೇಖರ ದೂಮಣ್ಣನವರ ಹೆಂಡತಿಯ ತಮ್ಮ. ವಯಸ್ಸಿನಲ್ಲಿ ಚಿಕ್ಕವನಾದರೂ ನೆಂಟಸ್ತಿಕೆಯ ಮರ್ಯಾದೆಗೆ ದೂಮಣ್ಣ ಅವನನ್ನು ‘ಭಾವೆರೇ’ ಎಂದೇ ಕರೆಯುತ್ತಿದ್ದರು, ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಇಬ್ಬರೂ ಒಂದೇ ರೂಮು, ಒಂದೇ ಸ್ಟವ್. ಊರಿನಲ್ಲಿ ಕಲ್ಯಾಣಿ ಎಂಬ ಒಬ್ಬಳೇ ಹೆಂಗಸು, ಒಬ್ಬರ ಹೆಂಡತಿ, ಇನ್ನೊಬ್ಬನ ಅಕ್ಕ. ಎರಡು ಲಾಂಚಿನ ಹಗ್ಗವೂ ಅವಳ ಮನೆಯ ಕಂಬಕ್ಕೇ ಕಟ್ಟಿದ್ದ ಹಾಗೆ.

ಶುಕ್ರವಾರ ಅವರ ರೂಮಿನಲ್ಲಿ ಮೀನಿನ ಊಟ. ನಾನು ಸಸ್ಯಾಹಾರಿ ಎಂದು ನನಗೆ ಬೇರೆ ಪಾತ್ರೆಯಲ್ಲಿ ತೊಂಡೆಕಾಯಿ ಪಲ್ಯ. ಬಾಗಿಲಿಗೆ ಹೋದ ಕೂಡಲೇ ದೂಮಣ್ಣ, “ಬಲೆ, ಬಲೆ!” ಎನ್ನುತ್ತಿದ್ದರು. ಮೊದಲ ಸಲ ನಾನು ಹಿಂದೆ ತಿರುಗಿ ನೋಡಿದೆ. ಎಲ್ಲಿ ಬಲೆ? ಶೇಖರ ಹೊಟ್ಟೆ ಹಿಡಿದುಕೊಂಡು ನಕ್ಕ. “ಮೇಡಂ, ತುಳುವಿನಲ್ಲಿ ‘ಬಲೆ’ ಅಂದ್ರೆ ‘ಬನ್ನಿ’ ಅಂತ! ಮೀನಿನ ಬಲೆಗೂ ಬಲೆಯೇ. ಇಷ್ಟು ದಿನ ನಮ್ಮ ಜೊತೆ ಇದ್ದು ಒಂದು ಶಬ್ದ ಕಲೀಲಿಲ್ಲ ನೀವು. ನಿಮ್ಮ ಕಾನ್ವೆಂಟಿಗೆ ಒಂದು ನಮಸ್ಕಾರ!” ಅವರ ಊರಿನ ಭಾಷೆ ನನಗೆ ಬರಲೇ ಇಲ್ಲ. ನನಗೆ ಬಲೆ ಎಂದರೆ ಬಲೆ.

ಜನವರಿಯ ಒಂದು ದಿನ. ಎರಡು ದಿನದಿಂದ ಕೌಸ್ ಬೀಸುತ್ತಿತ್ತು, ಆಗ್ನೇಯದ ಬೆಚ್ಚನೆ, ತೇವದ ಗಾಳಿ. ಚಳಿಗಾಲದಲ್ಲಿ ಮೈಗೆ ಹಿತವಾದ ಗಾಳಿ ಬಂದರೆ ಹೆದರಬೇಕು. ಅದು ಶಮಾಲ್‌ನ ಮುಂದೆ ನಡೆದುಬರುವ ಗಾಳಿ. ಆ ದಿನ ಹನ್ನೊಂದರ ಹೊತ್ತಿಗೆ ಅದೂ ನಿಂತಿತು. ತಾರಸಿಯ ತಂತಿ ಮೂಕವಾಯಿತು. ಸಮುದ್ರ ಎಣ್ಣೆ ಸುರಿದ ಹಾಗೆ. ಕಂಪನಿಯ ಯಜಮಾನ, ನಾವೆಲ್ಲ ‘ಅರ್ಬಾಬ್’ ಎನ್ನುತ್ತಿದ್ದವರು, ಒಳ್ಳೆಯ ಮನುಷ್ಯ, ಕಿಟಕಿಯಿಂದ ನೋಡಿ, “ಮಾಫಿ ಹವಾ! ಗಾಳಿಯೇ ಇಲ್ಲ! ಉಳಿದ ನೀರೂ ಕಳಿಸಿಬಿಡಿ, ಯಲ್ಲಾ,” ಎಂದರು. ಕ್ಯಾಪ್ಟನ್ ರುಸ್ತುಂ ಮುಖ ನೋಡದೆ ಹೇಳಿದರು: “ಅರ್ಬಾಬ್, ಸಮುದ್ರ ಉಸಿರು ಎಳೆದುಕೊಳ್ಳುತ್ತಿದೆ. ಬಿಡುವಾಗ ನಾವು ಎದುರಿಗೆ ಇರಬಾರದು.” ನನಗೆ ಕೈಸನ್ನೆ ಮಾಡಿದರು. ನಾನು ಮೈಕ್ ಒತ್ತಿದೆ.

“ಎಲ್ಲಾ ಬೋಟುಗಳಿಗೆ, ಬೇಸ್. ಇವತ್ತು ಚಹಾನೇ ಬೇಡ. ಇರುವಲ್ಲಿಂದ ವಾಪಸ್. ನೀರು ಇಳಿಸೋದು ಖಲಾಸ್.”

ಬೋಟ್ ಒನ್, ಬೋಟ್ ಥ್ರೀ ಆಗಲೇ ಜೆಟ್ಟಿಯಲ್ಲಿದ್ದವು. ದೂಮಣ್ಣನ ಬೋಟ್ ಟೂ ಕೆಲಸಗಾರರನ್ನು ಹತ್ತಿಸಿಕೊಂಡು ಮರಳುತ್ತಿತ್ತು. ಅದರ ಹಿಂದೆ ಶೇಖರನ ಬೋಟ್ ಫೋರ್, ಅದರಲ್ಲೂ ಜನ.

ದಡದ ಗೆರೆ ಅವರಿಗೆ ಕಾಣುವಷ್ಟು ಹತ್ತಿರ ಬಂದಾಗ ತಂತಿ ಮತ್ತೆ ದನಿ ಎತ್ತಿತು. ಮಂದ್ರದಿಂದ ಅಲ್ಲ. ನೇರವಾಗಿ ಮೇಲಿನ ಸ್ವರಕ್ಕೆ. ವಾಯವ್ಯದಲ್ಲಿ ಒಂದು ಕಂದು ಗೋಡೆ ಎದ್ದಿತ್ತು. ನಮ್ಮ ಕಿಟಕಿಯ ಗಾಜಿಗೆ ಮರಳು ಬಂದು ಮುತ್ತಿತು. ಸಮುದ್ರ ಕಾಣದಾಯಿತು. ಆಮೇಲೆ ನನಗೆ ಉಳಿದದ್ದು ಕಿವಿ ಒಂದೇ.

ಕರಕರ ಸದ್ದಿನ ನಡುವೆ ದೂಮಣ್ಣನ ದನಿ, ಅದೂ ತುಂಡು ತುಂಡು. ಅಲೆ ಒಳಗೆ ನುಗ್ಗಿ ಮೈಕು ನೆನೆದಿತ್ತು ಎಂದು ಆಮೇಲೆ ತಿಳಿಯಿತು.

“…ಭಾವೆರೇ… ಬಲೆ… ಬಲೆ… ಭಾವೆರೇ…”

ತಕ್ಷಣ ಶೇಖರ: “ಬರ್ಪೆ, ಬರ್ಪೆ! ಬಂದೆ! ಬೇಸ್, ಬೋಟ್ ಟೂ ಕರೀತಾ ಉಂಟು, ನಾನು ಹೋಗ್ತಾ ಇದ್ದೇನೆ!”

ಕ್ಯಾಪ್ಟನ್ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ತುಳು ಅವರಿಗೆ ಗೊತ್ತಿಲ್ಲ. “What is he saying?”

“Net, sir,” ಎಂದೆ. ಯೋಚಿಸಲೇ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಅದೊಂದೇ. ಬಿರುಗಾಳಿಗೆ ಮೀನುಗಾರರ ಬಲೆಗಳು ಕಿತ್ತುಕೊಂಡು ನೀರಿನಲ್ಲಿ ತೇಲುತ್ತವೆ. ದೂಮಣ್ಣನ ಲಾಂಚಿನ ಪ್ರೊಪೆಲರಿಗೆ ಬಲೆ ಸುತ್ತಿಕೊಂಡಿದ್ದರೆ? ಸುತ್ತ ಇನ್ನೂ ಬಲೆ ಹರಡಿದ್ದರೆ, ಹತ್ತಿರ ಹೋದ ಶೇಖರನ ಪ್ರೊಪೆಲರೂ ಅದಕ್ಕೇ ಸಿಕ್ಕುತ್ತದೆ. ಆಗ ಎರಡು ಲಾಂಚು, ಎರಡೂ ಹೆಣ. ಗಾಳಿ ತಳ್ಳುವ ದಿಕ್ಕಿಗೆ ಹವಳದ ದಿಬ್ಬ.

“ಬೋಟ್ ಫೋರ್, ನಿಲ್ಲು! ಅವರು ಬಲೆ ಅಂತಿದ್ದಾರೆ, ಮೀನಿನ ಬಲೆ!”

“ಮೇಡಂ, ದಮ್ಮಯ್ಯ, ನಂಗೆ ತುಳು ಕಲಿಸ್ಬೇಡಿ! ಭಾವ ನನ್ನನ್ನು ಕರೀತಾ ಇದ್ದಾರೆ. ಅವರ ಲಾಂಚು ಅಲೆಗೆ ಅಡ್ಡ ತಿರುಗಿದೆ, ನಂಗೆ ಕಾಣ್ತದೆ!”

ಅವನು ಹೇಳಿದ್ದೂ ಸರಿಯೇ. ತುಳು ಅವನ ತಾಯಿಯ ಹಾಲು. ನಾನು ಯಾರು? ನನ್ನ ಮಾತು ತಪ್ಪಾಗಿ, ದೂಮಣ್ಣ ನಿಜವಾಗಿ ಕರೆಯುತ್ತಿದ್ದರೆ, ಅವರ ಜನರನ್ನು ನಾನೇ ದಿಬ್ಬಕ್ಕೆ ಬಿಟ್ಟುಕೊಟ್ಟ ಹಾಗೆ. ಅವನ ಮಾತು ತಪ್ಪಾದರೆ ಕಲ್ಯಾಣಿಯ ಮನೆಯ ಎರಡೂ ಕಂಬ ಒಟ್ಟಿಗೆ ಉರುಳುತ್ತವೆ. ಕ್ಯಾಪ್ಟನ್ ನನ್ನ ಭುಜದ ಮೇಲೆ ಒಂದು ಬೆರಳಿಟ್ಟರು. “Say again,” ಎಂದರು. ಅಷ್ಟೇ.

ಹೇಗೆ ಕೇಳುವುದು? ದೂಮಣ್ಣನಿಗೆ ನಮ್ಮ ಮಾತು ಕೇಳುತ್ತಿರಬಹುದು, ಅವರ ಮಾತು ನಮಗೆ ಪೂರ್ತಿ ಬರುತ್ತಿಲ್ಲ. ಆದರೆ ಅವರು ಮೈಕಿನ ಬಟನ್ ಒತ್ತಿದಾಗಲೆಲ್ಲ ಕರಕರ ಸದ್ದು ಒಂದು ಕ್ಷಣ ನಿಂತು ‘ಟಕ್’ ಎನ್ನುತ್ತಿತ್ತು. ಬಟನ್ ಇನ್ನೂ ಕೆಟ್ಟಿರಲಿಲ್ಲ.

“ಬೋಟ್ ಫೋರ್, ಇರುವಲ್ಲೇ ಎಂಜಿನ್ ನಿಧಾನ ಮಾಡು. ಒಂದೇ ನಿಮಿಷ, ನಿಮ್ಮಕ್ಕನ ಮೇಲೆ ಆಣೆ. ದೂಮಣ್ಣ, ಮಾತಾಡಬೇಡಿ. ಬಟನ್ ಮಾತ್ರ ಒತ್ತಿ. ಮೀನಿನ ಬಲೆ ಆದರೆ ಒಂದು ಸಲ. ಶೇಖರ ಬರಬೇಕು ಅಂದರೆ ಎರಡು ಸಲ.”

ತಂತಿ ಕೂಗುತ್ತಿತ್ತು. ಕರಕರ, ಕರಕರ. ಆಮೇಲೆ, ಟಕ್.

ಎರಡನೆಯದಕ್ಕೆ ಕಾದೆ. ನನ್ನ ಇಡೀ ಕೆಲಸದ ಜೀವನದಲ್ಲಿ ಅಷ್ಟು ಉದ್ದದ ಕಾಯುವಿಕೆ ಇನ್ನೊಂದಿಲ್ಲ. ಕಿಟಕಿಯ ಹಳದಿ ಬೆಳಕು, ಮೇಜಿನ ಮೇಲೆ ಸಣ್ಣಗೆ ಬೀಳುತ್ತಿದ್ದ ಮರಳು, ಕ್ಯಾಪ್ಟನ್‌ರ ಉಸಿರು. ಎಲ್ಲವೂ ನೀರಿನ ಕೆಳಗೆ ನಡೆಯುತ್ತಿರುವ ಹಾಗಿತ್ತು. ಎರಡನೆಯ ಟಕ್ ಬರಲಿಲ್ಲ.

“ಸರ್, ಒಂದು. ಬಲೆಯೇ,” ಎಂದೆ.

“ಇಲ್ಲ,” ಎಂದರು ಕ್ಯಾಪ್ಟನ್. “ಎರಡರಲ್ಲಿ ಒಂದು ಕಳೆದುಹೋದರೂ ಉಳಿಯುವುದು ಒಂದೇ. ತಿರುಗಿಸಿ ಕೇಳು.”

“ದೂಮಣ್ಣ, ಇನ್ನೊಂದು ಸಲ. ಈಗ ಉಲ್ಟಾ. ಬರಬೇಕು ಅಂದರೆ ಒಂದು. ಬಲೆ ಇದೆ, ಬರಬಾರದು ಅಂದರೆ ಎರಡು.”

ಟಕ್. ಟಕ್.

ಅಷ್ಟು ಸ್ವಚ್ಛವಾಗಿ, ಬಾಗಿಲು ತಟ್ಟಿದ ಹಾಗೆ.

ಶೇಖರನಿಗೂ ಅದು ಕೇಳಿಸಿತ್ತು. ಸಣ್ಣ ದನಿಯಲ್ಲಿ, “ಬೇಸ್ ಮೇಡಂ, ಏನು ಮಾಡ್ಲಿ ಹೇಳಿ,” ಎಂದ.

ಮೈಕನ್ನು ಕ್ಯಾಪ್ಟನ್ ತೆಗೆದುಕೊಂಡರು. ಬಲೆ ಗಾಳಿಯ ಜೊತೆ ಲಾಂಚಿನ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಹಿಂದಿನಿಂದ ಹೋಗಬೇಡ, ದೂರದಿಂದ ಬಳಸಿ ಗಾಳಿ ಬರುವ ಕಡೆಗೆ ಹೋಗು, ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ತೇಲಿಬಿಡು, ಗಾಳಿಯೇ ಅದನ್ನು ಅವರ ಲಾಂಚಿನ ಮೂತಿಗೆ ಮುಟ್ಟಿಸುತ್ತದೆ, ಎಂದು ಬೊಂಬಾಯಿ ಹಿಂದಿಯಲ್ಲಿ ಹೇಳಿದರು. ಶೇಖರ ಹಾಗೆಯೇ ಮಾಡಿದ. ಮೊದಲ ಕ್ಯಾನ್ ತಪ್ಪಿಹೋಯಿತು. ಎರಡನೆಯದನ್ನು ದೂಮಣ್ಣನ ಜನ ಕೊಕ್ಕೆ ಹಾಕಿ ಎಳೆದುಕೊಂಡರು. ಎಳೆದೊಯ್ಯುವ ಟಗ್ ಬೋಟು ಬರುವವರೆಗೆ ಬೋಟ್ ಫೋರ್ ಆ ಲಾಂಚನ್ನು ಗಾಳಿಗೆದುರಾಗಿ ಹಿಡಿದು ನಿಲ್ಲಿಸಿತು. ಬೆಳಕು ಇರುವಾಗಲೇ ಎಲ್ಲರೂ ವಕ್ರಾದ ಜೆಟ್ಟಿಯ ಮರೆಗೆ ಬಂದರು.

ನಾನೂ ಕ್ಯಾಪ್ಟನ್‌ರ ಜೀಪಿನಲ್ಲಿ ಅಲ್ಲಿಗೆ ಹೋದೆ. ಜೆಟ್ಟಿಯ ಮೇಲೆ ಒದ್ದೆ ಜನ, ಕಂಬಳಿ, ಹಾಲಿಲ್ಲದ ಸುಲೈಮಾನಿ ಚಹಾ. ಭಾವ ಭಾವ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಜಗಳವಾಡುತ್ತಿದ್ದರು.

“ಬಲೆ ಅಂದ್ರಿ ನೀವು. ಬಲೆ ಅಂದ್ರೆ ಬರೂದಾ ಅಲ್ವಾ?”

“ನಾನು ನಿಮ್ಮನ್ನು ಕರೆಯುವುದಾದ್ರೆ ಮದುವೆಗೆ ಕರೀತೇನೆ ಮಾರಾಯ್ರೆ, ಸಾಯ್ಲಿಕ್ಕೆ ಕರೀತೇನಾ?”

ಶೇಖರ ಕಂಬಳಿಯೊಳಗೆ ಮುಖ ಹುದುಗಿಸಿದ. ಅವನ ಭುಜ ಅಲುಗುತ್ತಿತ್ತು. ದೂಮಣ್ಣ ಅವನ ತಲೆಯ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿ, “ಮೇಡಂ, ನಿಮಗೆ ತುಳು ಬಾರದ್ದು ದೇವರ ದಯೆ. ಇನ್ನು ಕಲೀಬೇಡಿ,” ಎಂದರು.

ಅವತ್ತಿನಿಂದ ನಮ್ಮ ರೇಡಿಯೋದಲ್ಲಿ ‘ಬಲೆ’ ಎಂಬ ಶಬ್ದಕ್ಕೆ ನಿಷೇಧ. ಬಲೆಗೆ ‘ಜಾಲ್’. ಬಾ ಎನ್ನುವುದಕ್ಕೆ ‘ಕಮ್’. ಮಾತು ಬಾರದಿದ್ದರೆ ಬಟನ್: ಎರಡು ಟಕ್ ಎಂದರೆ ಬಾ, ಅದಕ್ಕಿಂತ ಕಮ್ಮಿ ಕೇಳಿದರೆ ದೂರವೇ ನಿಲ್ಲು. ಹೋಗುವುದೇ ಹೆಚ್ಚಿನ ಅಪಾಯ, ಅದಕ್ಕೇ ಹೆಚ್ಚಿನ ಪುರಾವೆ ಬೇಕು ಎಂದರು ಕ್ಯಾಪ್ಟನ್. ಇನ್ನೊಂದು ನಿಯಮ ನಾನು ಹಟ ಹಿಡಿದು ಮಾಡಿಸಿದ್ದು: ಚಳಿಗಾಲದಲ್ಲಿ ಒಂದೇ ಮನೆಯ ಇಬ್ಬರು ಒಂದೇ ದಿನ ಸಮುದ್ರಕ್ಕಿಳಿಯಬಾರದು. ಅರ್ಬಾಬ್ ಏಕೆ ಎಂದು ಕೇಳಲಿಲ್ಲ. ಅವರ ಮನೆಯಲ್ಲೂ ಹಿಂದೆ ಮುತ್ತು ಹೆಕ್ಕಲು ಸಮುದ್ರಕ್ಕೆ ಹೋಗಿ ಮರಳದವರಿದ್ದರು.

ಶುಕ್ರವಾರದ ಊಟಕ್ಕೆ ಆಮೇಲೆ ಕ್ಯಾಪ್ಟನ್‌ರೂ ಬರತೊಡಗಿದರು. ದೂಮಣ್ಣ ಬಾಗಿಲಲ್ಲಿ “ಬಲೆ, ಬಲೆ” ಎಂದರೆ ಅವರು ಹೊಸ್ತಿಲಲ್ಲೇ ನಿಂತುಬಿಡುವರು. “How many clicks?” ದೂಮಣ್ಣ ಸೌಟಿನಿಂದ ಪಾತ್ರೆಗೆ ಎರಡು ಬಡಿಯಬೇಕು, ಆಗಲೇ ಒಳಗೆ ಕಾಲಿಡುವುದು.

ದಶಕದ ಕೊನೆಗೆ ಎಲ್ಲ ಬದಲಾಯಿತು. ಲಾಂಚಿಗೆ ಜಿಪಿಎಸ್ ಬಂತು. ತಾಂಡೇಲರ ಜೇಬಿಗೆ ಮೊಬೈಲ್ ಬಂತು. ಹವಾಮಾನ ಕಂಪ್ಯೂಟರಿನ ಪರದೆಗೆ ಬಣ್ಣಬಣ್ಣವಾಗಿ ಬಂದು ಕೂತಿತು. ಒಳ್ಳೆಯದೇ. ನಾನು ಹಳೆಯದನ್ನು ಹೊಗಳುವವಳಲ್ಲ. ಆದರೆ ರೇಡಿಯೋದಲ್ಲಿ ಒಬ್ಬನಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತಿತ್ತು. ಒಬ್ಬನ ಭಯ ಎಲ್ಲರ ಭಯ. ಮೊಬೈಲಿನಲ್ಲಿ ಅವರವರ ಗುಟ್ಟು ಅವರವರಿಗೆ. ಕೊನೆಯ ಚಳಿಗಾಲದಲ್ಲಿ ಬೆಳಿಗ್ಗೆ ನಾನು “ಲೋಟ ಕೈಯಲ್ಲೇ ಹಿಡ್ಕೊಳ್ಳಿ” ಎಂದರೆ ಉತ್ತರಿಸಲು ಒಬ್ಬರೇ ಉಳಿದಿದ್ದರು. “ಹಿಡ್ಕೊಂಡೆ ಬೇಸ್ ಮೇಡಂ,” ಎಂದು ದೂಮಣ್ಣ.

ಅವರೂ ಹೊರಟರು. ಮೊಣಕಾಲು ಸೋತಿತ್ತು. ಬೆಳಗಿನ ವಿಮಾನ. ನಮ್ಮ ಮನೆಯಿಂದ ಏರ್‌ಪೋರ್ಟು ಹತ್ತಿರವೇ, ಶೇಖರನ ಜೊತೆ ನಾನೂ ಹೋದೆ. ಕಿವಿಯ ಹಿಂದೆ ಪೆನ್ಸಿಲ್ ಹಾಗೆಯೇ ಇತ್ತು. ಅದನ್ನು ತೆಗೆದು ಶೇಖರನ ಕಿವಿಗೆ ಸಿಕ್ಕಿಸಿದರು. “ಹೋಗಿ ಬನ್ನಿ ದೂಮಣ್ಣ,” ಎಂದೆ, ಮೈಸೂರಿನವರು ಹೇಳುವ ಹಾಗೆ. ಅವರು ತಲೆಯಾಡಿಸಿ, ರಟ್ಟಿನ ಪೆಟ್ಟಿಗೆಗಳ ಗಾಡಿ ತಳ್ಳಿಕೊಂಡು ಒಳಗೆ ಹೋದರು.

ಗಾಜಿನ ಗೋಡೆಯ ಆಚೆ ಹೋದವರು ತಿರುಗಿ ಬಂದು ಗಾಜಿನ ಆಚೆಯೇ ನನ್ನೆದುರು ನಿಂತರು. ಏನೋ ಹೇಳಿದರು. ತುಟಿ ಅಲುಗಿತು, ದನಿ ಇಲ್ಲ. ಆ ತುಟಿಗಳ ಆಕಾರ ನನಗೆ ಗೊತ್ತಿತ್ತು. ಬಲೆ. ಮಲ್ಪೆಗೆ, ಕಲ್ಯಾಣಿಯ ಕೈಯೂಟಕ್ಕೆ. ಆದರೂ ಅಭ್ಯಾಸಬಲ, ನಾನು ಕಿವಿಗೆ ಕೈಯಿಟ್ಟು, “Say again,” ಎಂದೆ.

ಅವರು ನಕ್ಕರು. ಬೆರಳ ಗೆಣ್ಣಿನಿಂದ ಗಾಜನ್ನು ತಟ್ಟಿದರು. ಟಕ್.

ಎರಡನೆಯದಕ್ಕೆ ನನ್ನನ್ನು ಸ್ವಲ್ಪ ಕಾಯಿಸಿದರು.